ಎರಡು ತೆಳು ಸ್ಟೀಲ್ ಪಾತ್ರೆಗಳನ್ನು ಬೆಸೆದು ನೂರು ಲೀಟರಿನ ಕುದಿಪಾತ್ರೆ ಮಾಡುವ ಕ್ರಮ

ಕರಾವಳಿಯ ಮನೆಗಳಲ್ಲಿ ಎಪ್ಪತ್ತು ಎಂಬತ್ತು ಲೀಟರನ್ನು ಒಂದೇ ಸಲಕ್ಕೆ ಕುದಿಸಬೇಕಾದ ಕೆಲಸಗಳು ಇಂದಿಗೂ ಇವೆ. ಏಪ್ರಿಲ್, ಮೇ ತಿಂಗಳಲ್ಲಿ ಪುನರ್ಪುಳಿ ಹಣ್ಣಾದಾಗ ಸಿಪ್ಪೆಯ ರಸವನ್ನು ಕಾಯಿಸಿ ಬಾಟಲಿಗೆ ತುಂಬುವವರು, ಸ್ವಂತ ಗದ್ದೆಯ ಭತ್ತವನ್ನು ಬೇಯಿಸಿ ಕುಚ್ಚಲಕ್ಕಿ ಮಾಡಿಸಿಕೊಳ್ಳುವವರು, ಬಾಟಲಿಗಳನ್ನು ಕುದಿನೀರಿನಲ್ಲಿಟ್ಟು ತೆಗೆಯುವ ಗೃಹೋದ್ಯಮದವರು, ಇವರಿಗೆಲ್ಲ ಬೇಕಾದದ್ದು ಆಳವಾದ, ಬುಡದಲ್ಲಿ ನಲ್ಲಿ ಇರುವ ಒಂದು ಪಾತ್ರೆ. ಈ ಗಾತ್ರದಲ್ಲಿ ಸುಲಭವಾಗಿ ಸಿಗುವುದು ಅಲ್ಯೂಮಿನಿಯಂ. ಆದರೆ ಪುನರ್ಪುಳಿಯಂಥ ಹುಳಿ ಅಲ್ಯೂಮಿನಿಯಮನ್ನು ತಿನ್ನುತ್ತದೆ. ಹೊರದೇಶಗಳಲ್ಲಿ ಮನೆಯಲ್ಲೇ ಬಿಯರ್ ಕುದಿಸುವ ಹವ್ಯಾಸಿಗಳು ಇಂಥದೇ ಅಗತ್ಯಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಗಳನ್ನು ಒಂದರ ಮೇಲೊಂದು ಬೆಸೆದು ದೊಡ್ಡ ಕೆಟಲ್ ಮಾಡಿಕೊಳ್ಳುತ್ತಾರೆ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು 1965ರ ಅಬಕಾರಿ ಕಾಯಿದೆಯಡಿ ಅಪರಾಧವಾದ್ದರಿಂದ, ಅವರ ಪಾತ್ರೆಯ ವಿಧಾನವನ್ನಷ್ಟೇ ತೆಗೆದುಕೊಂಡು ನಮ್ಮ ಹಿತ್ತಿಲಿನ ಒಲೆಗೆ ಹೊಂದುವಂತೆ ಇಲ್ಲಿ ವಿವರಿಸಲಾಗಿದೆ.

ಈ ಕೆಲಸಕ್ಕೆ ವರ್ಕ್‌ಶಾಪಿನವರು ಆರ್ಗಾನ್ ವೆಲ್ಡಿಂಗ್ ಎಂದು ಕರೆಯುವ ಟಿಗ್ ವಿಧಾನವೇ ಬೇಕು. ಕರಗದ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ವಿದ್ಯುತ್ ಕಿಡಿ (ಆರ್ಕ್) ಹಾಯಿಸಿ, ಆರ್ಗಾನ್ ಅನಿಲದ ಮುಸುಕಿನಲ್ಲಿ ಲೋಹವನ್ನು ಕರಗಿಸಿ ಕೂಡಿಸುವ ವಿಧಾನ ಇದು. ಗೇಟು, ಗ್ರಿಲ್ಲಿಗೆ ಬಳಸುವ ಕಡ್ಡಿ ವೆಲ್ಡಿಂಗ್ ಒಂದು ಮಿಲಿಮೀಟರ್ ತಗಡನ್ನು ತೂತು ಮಾಡಿಬಿಡುತ್ತದೆ. ಟಿಗ್ ಅಭ್ಯಾಸವಿರುವವರು ಮುಂದೆ ಹೇಳಿದ ಕ್ರಮದಲ್ಲಿ ತಾವೇ ಮಾಡಬಹುದು. ಅಭ್ಯಾಸವಿಲ್ಲದವರು ಮಂಗಳೂರಿನ ಬೈಕಂಪಾಡಿ, ಯೆಯ್ಯಾಡಿ ಅಥವಾ ಮಣಿಪಾಲದ ಕೈಗಾರಿಕಾ ಪ್ರದೇಶದ ಯಾವುದಾದರೂ ಫ್ಯಾಬ್ರಿಕೇಶನ್ ಶೆಡ್ಡಿಗೆ ಕೊಡುವುದು ಒಳ್ಳೆಯದು. ಆದರೆ ಕೊಡುವ ಮೊದಲು ಏನನ್ನು ಕೇಳಿ ಮಾಡಿಸಬೇಕೆಂದು ತಿಳಿದಿರಬೇಕು. ಏಕೆಂದರೆ ಅಲ್ಲಿ ಸಾಮಾನ್ಯವಾಗಿ ಬರುವ ಉತ್ತರ, "ನೀರು ನಿಂತ್ರೆ ಆಯ್ತಲ್ಲ ಮಾರಾಯ್ರೆ" ಎಂಬುದು. ನೀರು ನಿಲ್ಲುವ ಪಾತ್ರೆಯೆಲ್ಲ ಆಹಾರಕ್ಕೆ ಯೋಗ್ಯವಲ್ಲ. ಹೊರಗಿನಿಂದ ನೀಟಾಗಿ ಕಾಣುವ ಬೆಸುಗೆಯ ಸಾಲು ಒಳಗಡೆ ಕರಕಲಾಗಿ, ಹರಳುಗಟ್ಟಿ, ಸಂದುಗೊಂದುಗಳಿಂದ ತುಂಬಿರಬಹುದು. ಅಲ್ಲಿ ಸೇರಿದ ರಸವನ್ನು ಯಾವ ಬ್ರಷ್ಷೂ ತೆಗೆಯಲಾರದು. ಕೆಳಗಿನ ಮಾತುಗಳಲ್ಲಿ ಹೆಚ್ಚಿನವು ಈ ಒಳಮೈಯನ್ನು ಕಾಪಾಡುವ ಬಗೆಗೇ ಇವೆ.

ಪಾತ್ರೆಯ ಆಯ್ಕೆ

ಎರಡೂ ಪಾತ್ರೆಗಳು 304 ದರ್ಜೆಯವಾಗಿರಬೇಕು. ಇದರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುತ್ತದೆ. ಮಾರುಕಟ್ಟೆಯ ಅಗ್ಗದ ಪಾತ್ರೆಗಳಲ್ಲಿ ಬಹಳಷ್ಟು 200 ಸರಣಿಯವು. ಅವುಗಳಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ನೋಡಲು ಒಂದೇ ತರಹ ಇದ್ದರೂ ಬೇಗ ತುಕ್ಕು ಹಿಡಿಯುತ್ತವೆ. ಅಯಸ್ಕಾಂತ ಹಿಡಿದು ಪರೀಕ್ಷಿಸುವ ರೂಢಿ ಇಲ್ಲಿ ಕೆಲಸಕ್ಕೆ ಬಾರದು. 200 ಸರಣಿಯ 202 ದರ್ಜೆ ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಮತ್ತು ಒಳ್ಳೆಯ 304 ಪಾತ್ರೆಯೂ ಒತ್ತಿ ಬಗ್ಗಿಸಿದ ಮೂಲೆಗಳಲ್ಲಿ ಸ್ವಲ್ಪ ಅಂಟಬಹುದು. ದರ್ಜೆ ಗುರುತಿಸುವ ರಾಸಾಯನಿಕ ದ್ರಾವಣದ ಸಣ್ಣ ಕಿಟ್‌ಗಳು ಸಿಗುತ್ತವೆ; ಒಂದು ಹನಿ ಹಾಕಿ ಬಣ್ಣ ನೋಡಿದರೆ ಸಂಶಯ ಪರಿಹಾರವಾಗುತ್ತದೆ. ರಾಸಾಯನಿಕ, ಪೇಂಟು, ಎಣ್ಣೆ ತುಂಬಿದ್ದ ಹಳೆಯ ಡ್ರಮ್ಮುಗಳನ್ನು ಎಷ್ಟು ಅಗ್ಗವಾಗಿ ಸಿಕ್ಕರೂ ತೆಗೆದುಕೊಳ್ಳಬಾರದು. ಉರಿಯುವ ದ್ರವದ ಆವಿ ಒಳಗೆ ಉಳಿದಿದ್ದರೆ ಬೆಸುಗೆಯ ಮೊದಲ ಕಿಡಿಗೇ ಅದು ಸಿಡಿಯಬಹುದು.

ಅಂಗಡಿಯಲ್ಲಿ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ, ಸಂಖ್ಯೆ ಹೆಚ್ಚಾದಷ್ಟು ತಗಡು ತೆಳು. ಅಕ್ಕಿ ತುಂಬಿಡುವ ಮನೆಯ ಸ್ಟೀಲ್ ಡ್ರಮ್ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಅದನ್ನು ಬೆಸೆಯಲು ನುರಿತ ಕೈಯೇ ಬೇಕು, ಬೆಸೆದರೂ ಎಂಬತ್ತು ಕಿಲೋ ದ್ರವದ ಭಾರಕ್ಕೆ ಅದರ ತಳ ಉಬ್ಬುತ್ತದೆ. 20 ಗೇಜ್, ಅಂದರೆ ಸುಮಾರು 0.9 ಮಿಲಿಮೀಟರ್, ಅಥವಾ ಅದಕ್ಕಿಂತ ದಪ್ಪದ್ದನ್ನೇ ಆರಿಸಬೇಕು. ಗೋಡೆ ನೇರವಾಗಿರುವ ಪಾತ್ರೆಯೇ ಆಗಬೇಕು. ಬಾಯಿ ಅಗಲ, ತಳ ಕಿರಿದು ಇರುವ ಪಾತ್ರೆಗಳ ಅಂಚುಗಳು ಒಂದಕ್ಕೊಂದು ಕೂಡುವುದಿಲ್ಲ.

ಗಾತ್ರದ ಲೆಕ್ಕ ಸುಲಭ. 40 ಸೆಂಟಿಮೀಟರ್ ವ್ಯಾಸ, 42 ಸೆಂಟಿಮೀಟರ್ ಎತ್ತರದ ಎರಡು ಪಾತ್ರೆಗಳನ್ನು ತೆಗೆದುಕೊಂಡರೆ, ಕೆಳಗಿನದರ ಮಡಿಸಿದ ಅಂಚಿಗೆ ಮತ್ತು ಮೇಲಿನದರ ತಳಕ್ಕೆ ತಲಾ 2 ಸೆಂಟಿಮೀಟರ್ ಹೋಗಿ, ಒಟ್ಟು 80 ಸೆಂಟಿಮೀಟರ್ ಎತ್ತರ ಉಳಿಯುತ್ತದೆ. ಅದರ ಅಳತೆ ನೂರು ಲೀಟರ್. ಕುದಿ ಉಕ್ಕದಂತೆ ತುಂಬಬಹುದಾದದ್ದು 75ರಿಂದ 80 ಲೀಟರ್. ಒಂದು ಮಿಲಿಮೀಟರ್ ತಗಡಾದರೆ ಖಾಲಿ ಪಾತ್ರೆ ಸುಮಾರು 9 ಕಿಲೋ ತೂಗುತ್ತದೆ. ಆಳ ಹೆಚ್ಚು, ಬಾಯಿ ಕಿರಿದಾದ ಈ ಆಕಾರ ಕುದಿಸುವುದಕ್ಕೆ, ಬೇಯಿಸುವುದಕ್ಕೆ ಸರಿ. ಬೆಲ್ಲದ ಪಾಕದಂತೆ ಆವಿ ಹೋಗಿ ಗಟ್ಟಿಯಾಗಬೇಕಾದ ಪದಾರ್ಥಕ್ಕೆ ಅಗಲವಾದ ಬಾಣಲೆಯೇ ಸರಿ, ಅದಕ್ಕೆ ಇದನ್ನು ಮಾಡಿಸಿ ಪ್ರಯೋಜನವಿಲ್ಲ. ಮೂರು ಪಾತ್ರೆ ಸೇರಿಸಿ ಇನ್ನೂ ಎತ್ತರ ಮಾಡುವ ಆಸೆಯನ್ನೂ ಬಿಡುವುದು ಲೇಸು: ಬೆಸುಗೆಯ ಸಾಲು ಒಂದಿದ್ದಷ್ಟೇ ಒಳ್ಳೆಯದು, ಎತ್ತರ ಹೆಚ್ಚಿದಷ್ಟೂ ಪಾತ್ರೆ ಮಗುಚುವ ಭಯ ಹೆಚ್ಚು.

ಕತ್ತರಿಸುವುದು, ಅಂಚು ಕೂಡಿಸುವುದು

ಕೆಳಗಿನ ಪಾತ್ರೆಯ ತಳ ಹಾಗೆಯೇ ಇರಲಿ, ಬಾಯಿಯ ಮಡಿಸಿದ ಅಂಚನ್ನು ಮಾತ್ರ ತೆಗೆಯಬೇಕು. ಆ ಮಡಿಕೆಯೊಳಗೆ ಗಾಳಿ, ತೇವ, ಕೆಲವೊಮ್ಮೆ ಕಬ್ಬಿಣದ ತಂತಿಯೂ ಇರುವುದರಿಂದ ಅದರ ಮೇಲೆ ಬೆಸುಗೆ ಹಾಕಲಾಗದು. ಮೇಲಿನ ಪಾತ್ರೆಯ ತಳವನ್ನು, ಅದರ ಬಾಗು ಮುಗಿದು ಗೋಡೆ ನೇರವಾಗುವಲ್ಲಿ ಕತ್ತರಿಸಬೇಕು. ಅದರ ಬಾಯಿ ಮತ್ತು ಮುಚ್ಚಳ ಹಾಗೆಯೇ ಉಳಿದು ಹೊಸ ಪಾತ್ರೆಯ ಬಾಯಿ, ಮುಚ್ಚಳಗಳಾಗುತ್ತವೆ.

ಗೆರೆ ನೇರವಾಗಿ ಬರಲು ಪಾತ್ರೆಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಬೇಕಾದ ಎತ್ತರದ ಮರದ ತುಂಡಿನ ಮೇಲೆ ಮಾರ್ಕರ್ ಪೆನ್ನನ್ನು ಕಟ್ಟಿ, ಪೆನ್ನನ್ನು ಅಲುಗಿಸದೆ ಪಾತ್ರೆಯನ್ನೇ ತಿರುಗಿಸಬೇಕು. ಗ್ರೈಂಡರಿಗೆ ಸ್ಟೇನ್‌ಲೆಸ್ ಸ್ಟೀಲಿಗೆಂದೇ ಬರುವ 1 ಮಿಲಿಮೀಟರ್ ಕಟಿಂಗ್ ವೀಲ್ ಹಾಕಬೇಕು, ಮೊದಲು ಕಬ್ಬಿಣ ಕತ್ತರಿಸಿದ್ದ ವೀಲನ್ನು ಮುಟ್ಟಲೂ ಬಾರದು. ವೈರ್ ಬ್ರಷ್, ಅರ, ಬಫಿಂಗ್ ಚಕ್ರಗಳಿಗೂ ಇದೇ ನಿಯಮ. ಸ್ಟೀಲಿನ ಮೈಯಲ್ಲಿ ಸಿಕ್ಕಿಕೊಂಡ ಕಬ್ಬಿಣದ ಕಣವೊಂದು ಎಲ್ಲಿಯೂ ತುಕ್ಕಿನ ಚುಕ್ಕೆಯಾಗುತ್ತದೆ. ಮಲ್ಪೆ, ಪಣಂಬೂರಿನಂಥ ಉಪ್ಪುಗಾಳಿಯ ಊರಿನಲ್ಲಿ ಅದು ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಪಕ್ಕದಲ್ಲಿ ಯಾರಾದರೂ ಕಬ್ಬಿಣ ಗ್ರೈಂಡ್ ಮಾಡುತ್ತಿದ್ದರೆ ಅವರ ಕೆಲಸ ಮುಗಿಯುವ ತನಕ ಕಾಯಬೇಕು.

ಕತ್ತರಿಸಿದ ಮೇಲೆ ಎರಡೂ ಪಾತ್ರೆಗಳ ಹೊರಸುತ್ತಳತೆಯನ್ನು ಟೇಪಿನಿಂದ ಅಳೆಯಬೇಕು. ಸುತ್ತಳತೆಯಲ್ಲಿ 3 ಮಿಲಿಮೀಟರ್ ವ್ಯತ್ಯಾಸವಿದ್ದರೆ ವ್ಯಾಸದಲ್ಲಿ ಸುಮಾರು 1 ಮಿಲಿಮೀಟರ್ ವ್ಯತ್ಯಾಸವಿದೆ ಎಂದರ್ಥ. ಅಷ್ಟನ್ನು ಸುತ್ತಲೂ ಹಂಚಿಕೊಂಡು ಹೋಗಬಹುದು, ಅದಕ್ಕಿಂತ ಹೆಚ್ಚಾದರೆ ಜೋಡಿ ಬದಲಿಸಬೇಕು. ಆಮೇಲೆ ಅಂಚನ್ನು ಅರದಿಂದ ಉಜ್ಜಿ, ಚೂಪು ಮುಳ್ಳುಗಳನ್ನು ತೆಗೆದು, ಒಂದರ ಮೇಲೊಂದು ಇಟ್ಟು ಒಳಗೆ ಟಾರ್ಚ್ ದೀಪ ಹಿಡಿಯಬೇಕು. ಹೊರಗೆ ಎಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲಿ ಇನ್ನೂ ಉಜ್ಜಬೇಕು. ತಗಡಿನ ಅರ್ಧ ದಪ್ಪದಷ್ಟು ಸಂದು ಉಳಿದರೂ ಆರ್ಕ್ ತಾಗಿದಾಗ ಅಲ್ಲಿ ತೂತು ಬೀಳುತ್ತದೆ. ಇಡೀ ಕೆಲಸದಲ್ಲಿ ಅತ್ಯಂತ ಬೇಸರದ, ಆದರೆ ಅತ್ಯಂತ ಲಾಭದ ಹೊತ್ತು ಇದೇ. ಇಲ್ಲಿ ಆತುರಪಟ್ಟರೆ ಮುಂದೆ ಪ್ರತಿ ಅಂಗುಲಕ್ಕೂ ತೂತು ಮುಚ್ಚುತ್ತ ಕೂರಬೇಕಾಗುತ್ತದೆ.

ಕೊನೆಗೆ ಅಂಚಿನ ಎರಡೂ ಬದಿಯ ಎರಡು ಮೂರು ಸೆಂಟಿಮೀಟರ್ ಅಗಲವನ್ನು ಒಳಗೂ ಹೊರಗೂ ಅಸಿಟೋನ್ ಹಚ್ಚಿದ ಬಿಳಿ ಬಟ್ಟೆಯಿಂದ, ಬಟ್ಟೆಗೆ ಕಪ್ಪು ತಾಗದಷ್ಟು ಒರೆಸಬೇಕು. ಸ್ಟಿಕ್ಕರಿನ ಅಂಟು, ಕೈಯ ಬೆವರು ಎಲ್ಲ ಹೋಗಬೇಕು. ವಾಹನದ ಬ್ರೇಕ್ ತೊಳೆಯುವ ಸ್ಪ್ರೇಯನ್ನು ಇದಕ್ಕೆ ಬಳಸಲೇಬಾರದು: ಅದರಲ್ಲಿ ಕ್ಲೋರಿನ್ ಇರುವ ದ್ರಾವಕವಿದ್ದರೆ ಆರ್ಕಿನ ಬಿಸಿಗೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟುತ್ತದೆ. ಮಳೆಗಾಲದಲ್ಲಿ ತಣ್ಣನೆಯ ತಗಡಿನ ಮೇಲೆ ತೇವ ಕೂರುವುದರಿಂದ ಬೆಸೆಯುವ ಮುನ್ನ ಇನ್ನೊಮ್ಮೆ ಒರೆಸಿಕೊಳ್ಳಬೇಕು.

ಒಳಗಡೆಗೂ ಆರ್ಗಾನ್

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೈಮೇಲೆ ತಾನಾಗಿ ಮೂಡುವ ಕ್ರೋಮಿಯಂ ಆಕ್ಸೈಡಿನ ಅತಿ ತೆಳುವಾದ ಪದರ. ಲೋಹ ಸುಮಾರು 1400 ಡಿಗ್ರಿ ಸೆಲ್ಸಿಯಸ್ ದಾಟಿ ಕರಗುವಾಗ ಅದಕ್ಕೆ ಗಾಳಿ ತಾಗಿದರೆ, ಆ ಪದರದ ಬದಲು ಬೂದು ಬಣ್ಣದ ಒರಟು ಹರಳುಗಳು ಏಳುತ್ತವೆ. ಇದಕ್ಕೆ ವೆಲ್ಡರುಗಳು ಶುಗರಿಂಗ್ ಎನ್ನುತ್ತಾರೆ. ಹೊರಗಡೆ, ಬೆಸೆಯುವಾಗ ಕೈಯಲ್ಲಿ ಹಿಡಿಯುವ ವೆಲ್ಡಿಂಗ್ ಟಾರ್ಚಿನಿಂದ ಬರುವ ಆರ್ಗಾನ್ ಲೋಹವನ್ನು ಮುಚ್ಚಿ ಕಾಪಾಡುತ್ತದೆ. ಒಳಗಡೆ ಅಂಥ ರಕ್ಷಣೆ ತಾನಾಗಿ ಸಿಗುವುದಿಲ್ಲ, ನಾವೇ ಒದಗಿಸಬೇಕು.

ಬೆಸುಗೆಯ ಗೆರೆಯಿಂದ ಮೇಲೆ 10, ಕೆಳಗೆ 10 ಸೆಂಟಿಮೀಟರ್ ದೂರದಲ್ಲಿ ರಟ್ಟಿನ ಎರಡು ವೃತ್ತಗಳನ್ನು ಕೂರಿಸಿ, ಅವುಗಳ ಅಂಚನ್ನು ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಿ, ನಡುವೆ ಸಣ್ಣ ಕೋಣೆಯೊಂದನ್ನು ಮಾಡಬೇಕು. ಆರ್ಗಾನ್ ಗಾಳಿಗಿಂತ ಭಾರವಾದ್ದರಿಂದ ಕೊಳವೆಯನ್ನು ಕೆಳಗಿನ ರಟ್ಟಿನ ಬಳಿಯೇ ತೆರೆದುಕೊಳ್ಳುವಂತೆ ಬಿಟ್ಟು, ಮೇಲಿನ ರಟ್ಟಿನಲ್ಲಿ ಗಾಳಿ ಹೊರಹೋಗಲು ಪೆನ್ಸಿಲ್ ತೂರುವಷ್ಟು ತೂತು ಬಿಡಬೇಕು. ಪಾತ್ರೆಗಳು ಸೇರುವ ಗೆರೆಯನ್ನು ಹೊರಗಿನಿಂದ ಟೇಪು ಸುತ್ತಿ ಮುಚ್ಚಿ, ಬೆಸೆಯುತ್ತ ಹೋದಂತೆ ಸ್ವಲ್ಪ ಸ್ವಲ್ಪವೇ ಬಿಚ್ಚಬೇಕು. ಈ ಕೋಣೆಯ ಗಾತ್ರ 25 ಲೀಟರ್. ಒಳಗಿನ ಗಾಳಿ ಸಾಕಷ್ಟು ಹೋಗಲು ಅದರ ಐದು ಪಟ್ಟಾದರೂ ಆರ್ಗಾನ್ ಹರಿಯಬೇಕು, ಅಂದರೆ ನಿಮಿಷಕ್ಕೆ 10 ಲೀಟರಿನಂತೆ ಹನ್ನೆರಡು ಹದಿಮೂರು ನಿಮಿಷ. ಆಮೇಲೆ 3ರಿಂದ 5 ಲೀಟರಿಗೆ ಇಳಿಸಿ ಕೊನೆಯ ತನಕ ಹರಿಯಬಿಡಬೇಕು. ಹರಿವು ಹೆಚ್ಚಾದರೆ ಒಳಗಿನ ಒತ್ತಡವೇ ಕರಗಿದ ಲೋಹವನ್ನು ಹೊರಕ್ಕೆ ಊದುತ್ತದೆ.

ಸಾಮಾನ್ಯ 7 ಘನ ಮೀಟರ್ ಸಿಲಿಂಡರಿನಲ್ಲಿ ಟಾರ್ಚಿಗೂ ಒಳಕೋಣೆಗೂ ಸೇರಿ ಹತ್ತು ಗಂಟೆಯ ಹರಿವಿಗಾಗುವಷ್ಟು ಅನಿಲ ಇರುತ್ತದೆ, ಆದ್ದರಿಂದ ಗ್ಯಾಸ್ ಖರ್ಚಿನ ನೆಪ ಹೇಳಿ ಇದನ್ನು ಕೈಬಿಡಲು ಕಾರಣವಿಲ್ಲ. ಒಳಬದಿಗೆ ಗಾಳಿ ತಾಗದಂತೆ ಕಾಯುವ ಫ್ಲಕ್ಸ್ ಪೇಸ್ಟ್ ಬಳಿಯುವ ಇನ್ನೊಂದು ದಾರಿಯುಂಟು. ಅದು ಗಾಜಿನಂಥ ಗಟ್ಟಿ ಪದರ ಬಿಡುತ್ತದೆ, ಪೂರ್ತಿ ತೆಗೆಯುವುದು ಕಷ್ಟ. ಆಹಾರದ ಪಾತ್ರೆಗೆ ಅದು ಬೇಡ.

ಒಂದು ಎಚ್ಚರಿಕೆ: ಆರ್ಗಾನಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ತುಂಬಿದ ಪಾತ್ರೆಯೊಳಗೆ ಬೆಸುಗೆ ಹೇಗೆ ಬಂತೆಂದು ತಲೆ ತೂರಿಸಿ ನೋಡಿದರೆ ಆಮ್ಲಜನಕವಿಲ್ಲದೆ ಎಚ್ಚರ ತಪ್ಪುವ ಅಪಾಯವಿದೆ. ಪಾತ್ರೆಯನ್ನು ಮಗುಚಿ, ಫ್ಯಾನಿನ ಗಾಳಿ ಹಾಯಿಸಿದ ಮೇಲೆಯೇ ಒಳಗೆ ನೋಡಬೇಕು.

ಟ್ಯಾಕ್ ಮತ್ತು ಬೆಸುಗೆ

ಸ್ಟೇನ್‌ಲೆಸ್ ಸ್ಟೀಲ್ ಬಿಸಿಯನ್ನು ಸಾಮಾನ್ಯ ಕಬ್ಬಿಣದ ಮೂರನೇ ಒಂದು ಭಾಗದಷ್ಟು ಮಾತ್ರ ಹರಿಯಗೊಡುತ್ತದೆ, ಆದರೆ ಬಿಸಿಗೆ ಹಿಗ್ಗುವುದು ಸುಮಾರು ಒಂದೂವರೆ ಪಟ್ಟು. ಬಿಸಿ ಒಂದೇ ಕಡೆ ನಿಂತು ಅಲ್ಲೇ ಹಿಗ್ಗುವುದರಿಂದ ತೆಳು ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಬೆಸುಗೆಯ ಕ್ರಮವೆಲ್ಲ ಈ ಸ್ವಭಾವಕ್ಕೆ ತಕ್ಕಂತೆ ಇರಬೇಕು.

ಯಂತ್ರವನ್ನು ಡಿ.ಸಿ.ಗೆ ಇಟ್ಟು, ಟಾರ್ಚನ್ನು ಋಣ ತುದಿಗೆ ಜೋಡಿಸಿ, 1 ಮಿಲಿಮೀಟರ್ ತಗಡಿಗೆ 35ರಿಂದ 45 ಆಂಪಿಯರ್‌ನಲ್ಲಿ ಆರಂಭಿಸಬಹುದು. ಅದೇ ಪಾತ್ರೆಯಿಂದ ಕತ್ತರಿಸಿ ತೆಗೆದ ತುಂಡುಗಳ ಮೇಲೆ ಮೊದಲು ಪ್ರಯೋಗ ಮಾಡಿ ಆಂಪಿಯರ್ ನಿಶ್ಚಯಿಸುವುದು ಉತ್ತಮ. ಟಂಗ್‌ಸ್ಟನ್ 1.6 ಮಿಲಿಮೀಟರಿನದ್ದಾಗಿದ್ದು, ಪೆನ್ಸಿಲಿನಂತೆ ಚೂಪಾಗಿ, ಉದ್ದಕ್ಕೆ ಗೆರೆ ಬರುವಂತೆ ಅರೆದಿರಬೇಕು. ಕೆಂಪು ತುದಿಯ ಟಂಗ್‌ಸ್ಟನ್ನಿನಲ್ಲಿ ವಿಕಿರಣಶೀಲ ಥೋರಿಯಂ ಇರುವುದರಿಂದ, ಅದರ ಅರೆದ ದೂಳನ್ನು ಉಸಿರಾಡಬಾರದು. ಲ್ಯಾಂಥನಂ ಅಥವಾ ಸೀರಿಯಂ ಸೇರಿದ್ದನ್ನು ಕೇಳಿ ಪಡೆಯಬಹುದು. ಬೆಸುಗೆಗೆ ಕರಗಿ ಸೇರುವ ಲೋಹದ ಕಡ್ಡಿ, ಅಂದರೆ ಫಿಲ್ಲರ್ ರಾಡ್, 308ಎಲ್ ದರ್ಜೆಯದ್ದು, 1 ಅಥವಾ 1.2 ಮಿಲಿಮೀಟರ್. ಟಾರ್ಚಿನ ಆರ್ಗಾನ್ ನಿಮಿಷಕ್ಕೆ 6ರಿಂದ 8 ಲೀಟರ್. ಕಡಲ ಗಾಳಿ ನೇರವಾಗಿ ಬೀಸುವ ಬಾಗಿಲನ್ನು ಮುಚ್ಚಬೇಕು, ಆದರೆ ಶೆಡ್ಡಿನ ಹೊಗೆ ಹೊರಹೋಗುವ ದಾರಿ ತೆರೆದೇ ಇರಬೇಕು: ಸ್ಟೇನ್‌ಲೆಸ್ ಬೆಸುಗೆಯ ಹೊಗೆಯಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರಬಲ್ಲದು.

ಮೊದಲು ಎದುರು ಬದುರಾಗಿ ನಾಲ್ಕು ಟ್ಯಾಕ್ (ಅಂಚುಗಳನ್ನು ಹಿಡಿದಿಡುವ ಚುಕ್ಕೆಯಷ್ಟು ಬೆಸುಗೆ), ಆಮೇಲೆ ಪ್ರತಿ ಎರಡರ ನಡುವೆ ಒಂದು, ಮತ್ತೆ ಅವುಗಳ ನಡುವೆ ಒಂದು, ಹೀಗೆ ಎರಡೂವರೆ ಸೆಂಟಿಮೀಟರಿಗೊಂದು ಬರುವ ತನಕ ಹಾಕುತ್ತ ಹೋಗಬೇಕು. ಸುತ್ತಳತೆ 126 ಸೆಂಟಿಮೀಟರ್ ಇರುವುದರಿಂದ ಒಟ್ಟು ಐವತ್ತರಷ್ಟು ಟ್ಯಾಕ್ ಆಗುತ್ತದೆ. ಹೆಚ್ಚೆನಿಸಿದರೂ ಕಡಿಮೆ ಮಾಡಬಾರದು, ದೂರ ದೂರ ಹಾಕಿದರೆ ನಡುವಿನ ಅಂಚುಗಳು ಒಂದರ ಮೇಲೊಂದು ಏರುತ್ತವೆ. ಅಂಚು ಏರಿದ್ದು ಕಂಡರೆ ಒಳಗಡೆ ಮರದ ದಿಮ್ಮಿ ಹಿಡಿದು ಹೊರಗಿನಿಂದ ಮೆಲ್ಲನೆ ತಟ್ಟಿ ಸಮ ಮಾಡಬೇಕು. ರಟ್ಟು ಕೂರಿಸುವ ಮೊದಲೇ ಪಾತ್ರೆಗಳ ದುಂಡುತನ ಸರಿಮಾಡಿಕೊಂಡಿದ್ದರೆ ಇದರ ಅಗತ್ಯ ಹೆಚ್ಚು ಬೀಳದು. ಟ್ಯಾಕ್ ಹಾಕುವಾಗಲೂ ಒಳಗೆ ಆರ್ಗಾನ್ ಹರಿಯುತ್ತಿರಲೇಬೇಕು.

ಬೆಸುಗೆಯನ್ನು ಒಂದೇ ಓಟದಲ್ಲಿ ಸುತ್ತಿ ಮುಗಿಸಬಾರದು. ಮೂರು ನಾಲ್ಕು ಸೆಂಟಿಮೀಟರ್ ಬೆಸೆದು, ಎದುರು ಬದಿಗೆ ಹೋಗಿ ಅಷ್ಟೇ ಬೆಸೆದು, ಮತ್ತೆ ಇನ್ನೊಂದು ಕಾಲುಭಾಗಕ್ಕೆ ಹೋಗಬೇಕು. ಕೈಯಿಟ್ಟರೆ ತಡೆದುಕೊಳ್ಳುವಷ್ಟು ಆರಿದ ಮೇಲೆಯೇ ಹಿಂದಿನ ಜಾಗಕ್ಕೆ ಮರಳಬೇಕು. ಟಂಗ್‌ಸ್ಟನ್ ತುದಿ ಲೋಹದಿಂದ ಒಂದೂವರೆ ಮಿಲಿಮೀಟರ್ ದೂರದಲ್ಲಿರಲಿ, ಫಿಲ್ಲರಿನ ಬಿಸಿ ತುದಿ ಆರ್ಗಾನಿನ ಮುಸುಕಿನಿಂದ ಹೊರಗೆ ಬಾರದಿರಲಿ. ಪ್ರತಿ ತುಂಡಿನ ಕೊನೆಯಲ್ಲಿ ಆರ್ಕ್ ಆರಿದ ಮೇಲೂ ಎಂಟು ಹತ್ತು ಸೆಕೆಂಡು ಟಾರ್ಚನ್ನು ಅಲ್ಲೇ ಹಿಡಿದಿರಬೇಕು.

ಸಾಲಿನ ಬಣ್ಣವೇ ಗುಣವನ್ನು ಹೇಳುತ್ತದೆ. ಬೆಳ್ಳಿ ಬಣ್ಣ ಅಥವಾ ತಿಳಿ ಹುಲ್ಲಿನ ಹಳದಿ ಬಂದರೆ ಸರಿ. ನೀಲಿ ಬಂದರೆ ಬಿಸಿ ಹೆಚ್ಚಾಗಿದೆ ಅಥವಾ ಆರ್ಗಾನ್ ಸಾಲದಾಗಿದೆ. ಬೂದು, ಕಪ್ಪು ಬಂದರೆ ನಿಲ್ಲಿಸಿ ಕಾರಣ ಹುಡುಕಬೇಕು. ನಿಧಾನವಾಗಿ, ಕಡಿಮೆ ಆಂಪಿಯರಿನಲ್ಲಿ ಎಳೆಯುತ್ತ ಕೂತರೂ ಬಿಸಿ ಹೆಚ್ಚಾಗುತ್ತದೆ ಎಂಬುದು ಹೊಸಬರಿಗೆ ವಿಚಿತ್ರವೆನಿಸಬಹುದು. ಲೋಹ ಕರಗಿದೊಡನೆ ಕೈ ಮುಂದೆ ಸಾಗಬೇಕು.

ನಲ್ಲಿ ಮತ್ತು ಹಿಡಿಕೆ

ನಲ್ಲಿಗೆ ತಳದಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಸ್ಟೆಪ್ ಡ್ರಿಲ್ಲಿನಿಂದ ತೂತು ಕೊರೆಯಬೇಕು. ಇಲ್ಲಿ ವೇಗ ಕಡಿಮೆ, ಒತ್ತಡ ಹೆಚ್ಚು, ನಡುನಡುವೆ ಎಣ್ಣೆ. ವೇಗವಾಗಿ ತಿರುಗಿಸಿ ಉಜ್ಜಿದರೆ ಸ್ಟೀಲ್ ಇನ್ನಷ್ಟು ಗಟ್ಟಿಯಾಗಿ ಡ್ರಿಲ್ಲೇ ಮೊಂಡಾಗುತ್ತದೆ. ನಲ್ಲಿಯನ್ನು ತಿರುಗಿಸಿ ಕೂರಿಸುವ ಒಳಮರೆಯ ತುಂಡು ಕೊಳವೆ, ಅಂದರೆ ಅರ್ಧ ಇಂಚಿನ 304 ಹಾಫ್ ಸಾಕೆಟನ್ನು ಬೆಸೆಯುವಾಗ ಸಾಕೆಟ್ ದಪ್ಪ, ಪಾತ್ರೆ ತೆಳು ಎಂಬುದನ್ನು ನೆನಪಿಟ್ಟು ಆರ್ಕನ್ನು ಸಾಕೆಟ್ಟಿನ ಕಡೆಗೇ ಇಟ್ಟು, ಕರಗಿದ ಲೋಹ ತಾನಾಗಿ ತಗಡಿಗೆ ಹರಿಯುವಂತೆ ಮಾಡಬೇಕು. ಒಳಬದಿಗೆ ಇಲ್ಲೂ ಆರ್ಗಾನ್ ಬೇಕು. ರಟ್ಟಿನ ಸಣ್ಣ ಡಬ್ಬಿಯನ್ನು ಟೇಪಿನಿಂದ ಅಂಟಿಸಿ ಅದರೊಳಗೆ ಕೊಳವೆ ಬಿಟ್ಟರೆ ಸಾಕು. ಬೆಸೆಯುವ ಧೈರ್ಯ ಸಾಲದಿದ್ದರೆ ಸಿಲಿಕೋನ್ ವಾಷರ್ ಹಾಕಿ ನಟ್ಟಿನಿಂದ ಬಿಗಿಯುವ ಜೋಡಣೆಯೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಬಿಚ್ಚಿ ತೊಳೆಯಲು ಅದೇ ಸುಲಭ. ವಾಲ್ವ್ ಮಾತ್ರ ಹಿತ್ತಾಳೆಯದ್ದು ಬೇಡ. ಮೂರು ಭಾಗವಾಗಿ ಬಿಚ್ಚಿಕೊಳ್ಳುವ ಸ್ಟೀಲ್ ಬಾಲ್ ವಾಲ್ವ್ ಆದರೆ ಒಳಗೆ ನಿಂತ ರಸವನ್ನು ತೊಳೆಯಬಹುದು.

ಹಿಡಿಕೆಗಳನ್ನು ನೇರವಾಗಿ ತಗಡಿಗೆ ಬೆಸೆಯದೆ ನಡುವೆ ಅಂಗೈಯಗಲದ ಪಟ್ಟಿಯೊಂದನ್ನು ಕೊಡಬೇಕು. ಅವು ಖಾಲಿ ಪಾತ್ರೆಯನ್ನು ಎತ್ತಲಿಕ್ಕಷ್ಟೇ.

ಶುದ್ಧಿ ಮತ್ತು ಪರೀಕ್ಷೆ

ರಟ್ಟು, ಟೇಪುಗಳನ್ನು ತೆಗೆದು ಒಳಗಿನ ಸಾಲಿನ ಮೇಲೆ ಬೆರಳಾಡಿಸಬೇಕು. ಒರಟು ತಾಗಿದಲ್ಲಿ 120, ಆಮೇಲೆ ಇನ್ನೂ ನಯವಾದ 240 ಗ್ರಿಟ್ ಫ್ಲ್ಯಾಪ್ ಚಕ್ರದಿಂದ (ಗ್ರೈಂಡರಿಗೆ ಹಾಕುವ ಉಜ್ಜುಕಾಗದದ ಚಕ್ರ) ಉಜ್ಜಿ, ಹರಳುಗಟ್ಟಿದ ಭಾಗವನ್ನು ಪೂರ್ತಿ ಕೆತ್ತಿ, ಬೇಕಾದರೆ ಮತ್ತೆ ಆರ್ಗಾನ್ ಬಿಟ್ಟು ಬೆಸೆಯಬೇಕು. ವರ್ಕ್‌ಶಾಪುಗಳಲ್ಲಿ ಬೆಸುಗೆಯ ಕರಕಲು ತೆಗೆಯಲು ಬಳಸುವ ಪಿಕ್ಲಿಂಗ್ ಪೇಸ್ಟಿನಲ್ಲಿ ನೈಟ್ರಿಕ್ ಆಮ್ಲದ ಜೊತೆ ಹೈಡ್ರೋಫ್ಲೋರಿಕ್ ಆಮ್ಲವೂ ಇರುತ್ತದೆ. ಅದು ಚರ್ಮದೊಳಗೆ ಇಳಿದು ಮೂಳೆಯ ತನಕ ಕೆಡಿಸಬಲ್ಲದಾದ್ದರಿಂದ ಮನೆಯಲ್ಲಿ ಬಳಸುವಂಥದಲ್ಲ. ಬದಲಿಗೆ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲದ ಹರಳನ್ನು ಒಂದು ಲೀಟರ್ ಬಿಸಿನೀರಿಗೆ ನೂರು ಗ್ರಾಮಿನಂತೆ ಕರಗಿಸಿ, ಅದರಲ್ಲಿ ಅದ್ದಿದ ಹತ್ತಿಬಟ್ಟೆಯ ಪಟ್ಟಿಯನ್ನು ಸಾಲಿನ ಒಳಗೂ ಹೊರಗೂ ಹೊದಿಸಿ, ಒಣಗದಂತೆ ಆಗಾಗ ಅದೇ ನೀರನ್ನು ಹನಿಸುತ್ತ ಎರಡು ಮೂರು ಗಂಟೆ ಬಿಡಬೇಕು. ಇದು ದಪ್ಪ ಕರಕಲನ್ನು ತೆಗೆಯದು, ಅದಕ್ಕೆ ಉಜ್ಜುವುದೇ ದಾರಿ. ಆದರೆ ಮೈಗಂಟಿದ ಕಬ್ಬಿಣದ ಕಣವನ್ನು ಕರಗಿಸಿ, ಕ್ರೋಮಿಯಂ ಆಕ್ಸೈಡಿನ ಪದರ ಮತ್ತೆ ಸರಿಯಾಗಿ ಮೂಡಲು ಸಹಾಯ ಮಾಡುತ್ತದೆ. ಕೊನೆಗೆ ಧಾರಾಳ ನೀರಿನಲ್ಲಿ ತೊಳೆದು ಒರೆಸಬೇಕು.

ಸೋರಿಕೆ ನೋಡಲು ಹೊರಗಿನ ಸಾಲಿಗೆ ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿದು, ಒಣಗಿದ ಮೇಲೆ ಪಾತ್ರೆಯನ್ನು ನೀರಿನಿಂದ ತುಂಬಿ ಒಂದು ರಾತ್ರಿ ಬಿಡಬೇಕು. ಕಣ್ಣಿಗೆ ಕಾಣದ ತೂತು ಕೂಡ ಬಿಳಿಯ ಮೇಲೆ ಒದ್ದೆ ಕಲೆಯಾಗಿ ತೋರುತ್ತದೆ. ಆಮೇಲೆ ಬರೀ ನೀರನ್ನು ಒಮ್ಮೆ ಕುದಿಸಿ, ಆರಿಸಿ, ಸಾಲನ್ನು ಇನ್ನೊಮ್ಮೆ ನೋಡಬೇಕು.

ಬಳಕೆಯಲ್ಲಿ

ತುಂಬಿದ ಪಾತ್ರೆ ಒಲೆಯೂ ಸೇರಿ ತೊಂಬತ್ತು ಕಿಲೋ ದಾಟುವುದರಿಂದ ಗಟ್ಟಿಯಾದ, ಗಿಡ್ಡ ಕಾಲಿನ ಕಬ್ಬಿಣದ ಸ್ಟ್ಯಾಂಡ್ ಬೇಕು. ಉರಿ ತಳಕ್ಕಷ್ಟೇ ತಾಗಿ ಬೆಸುಗೆಯ ಸಾಲಿನ ತನಕ ಏರದಂತೆ ನೋಡಿಕೊಳ್ಳಬೇಕು. ಮುಚ್ಚಳವನ್ನು ಯಾವ ಕಾರಣಕ್ಕೂ ಕ್ಲಿಪ್ ಹಾಕಿ ಬಿಗಿಯಬಾರದು, ಆವಿಯ ಒತ್ತಡ ತಡೆಯುವಂತೆ ಈ ಪಾತ್ರೆ ಮಾಡಿದ್ದಲ್ಲ. ಸ್ಟೀಲಿನಲ್ಲಿ ಬಿಸಿ ಹರಡದೆ ಉರಿಯ ನೇರಕ್ಕೆ ನಿಲ್ಲುವುದರಿಂದ ಸಕ್ಕರೆ ತಳ ಹಿಡಿಯುತ್ತದೆ. ಪುನರ್ಪುಳಿ ಶರಬತ್ತಿಗೆ ರಸ ಕುದಿದ ಮೇಲೆ ಉರಿ ಆರಿಸಿ ಸಕ್ಕರೆ ಹಾಕಿ, ಕರಗುವ ತನಕ ಕದಡಿ, ಆಮೇಲೆ ಸಣ್ಣ ಉರಿ ಕೊಡಬೇಕು.

ಹುಳಿಗೆ ಅಂಜದ 304 ಉಪ್ಪಿಗೆ ಅಂಜುತ್ತದೆ. ಉಪ್ಪಿನ ಕ್ಲೋರೈಡ್ ಸ್ಟೀಲಿನ ಪದರವನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ, ಅದರಲ್ಲೂ ಬೆಸುಗೆಯ ಪಕ್ಕದಲ್ಲಿ. ಆದ್ದರಿಂದ ಉಪ್ಪುಸೊಳೆ, ಉಪ್ಪುನೀರಿನ ಮಾವಿನಕಾಯಿ, ಉಪ್ಪು ಬೆರೆಸಿದ ಪುನರ್ಪುಳಿ ಸಿಪ್ಪೆಗಳನ್ನು ಇದರಲ್ಲಿ ಹಾಕಿಡದೆ ಭರಣಿಯಲ್ಲೇ ಇಡಬೇಕು. ಬ್ಲೀಚಿಂಗ್ ಪುಡಿಯಲ್ಲಿ ತೊಳೆಯುವುದನ್ನೂ ಬಿಡಬೇಕು. ಮಳೆಗಾಲದಲ್ಲಿ ಎತ್ತಿಡುವಾಗ ಚೆನ್ನಾಗಿ ಒರೆಸಿ, ನಲ್ಲಿಯನ್ನೂ ಮುಚ್ಚಳವನ್ನೂ ತೆರೆದಿಡುವುದು ಒಳ್ಳೆಯದು. ಸಾಲಿನ ಗುಂಟ ಚಹಾ ಬಣ್ಣದ ಕಲೆ ಕಂಡರೆ ಸಿಟ್ರಿಕ್ ಆಮ್ಲದ ಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಅಲ್ಲಿ ಕಬ್ಬಿಣದ ಕಣವೋ ಹರಳುಗಟ್ಟಿದ ಬೆಸುಗೆಯೋ ಉಳಿದಿದೆ ಎಂದು ತಿಳಿದು, ಆ ತುಂಡನ್ನು ಕೆತ್ತಿ ತೆಗೆದು ಒಳಗೆ ಆರ್ಗಾನ್ ಬಿಟ್ಟು ಪುನಃ ಬೆಸೆಯಬೇಕು.